ಬಿಯರ್ ಮಾಲ್ಟ್ ತೊಳೆಯುವಾಗ ನಲ್ಲಿ ಕಟ್ಟುತ್ತಿತ್ತು, ಭತ್ತದ ಉಮಿಯಿಂದ ಸರಿಹೋಯಿತು

5 ಲೀಟರ್ ಬ್ಯಾಚ್, 1.2 ಕೆಜಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ). 66 ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿ ನಲ್ಲಿ ಬಿಟ್ಟರೆ ಅರ್ಧ ಲೀಟರ್ ಸಿಹಿ ರಸ ಬಂದು ನಿಂತುಬಿಡುತ್ತಿತ್ತು. ಕುದಿಸುವ ಮೊದಲಿನ ಹೈಡ್ರೋಮೀಟರ್ ಅಳತೆ (ರಸದ ಸಾಂದ್ರತೆ; ಬರೀ ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಏರುತ್ತದೆ) 1.031 ದಾಟುತ್ತಿರಲಿಲ್ಲ.

ಮೂಲ ಕಾರಣ ಮಿಕ್ಸಿ. ಅದರಲ್ಲಿ ಕಾಳಿನ ಸಿಪ್ಪೆಯೂ ಪುಡಿಯಾಗುತ್ತದೆ. ಸೋಸುವ ಕೆಲಸ ಮಾಡುವುದು ತಳದ ಜರಡಿಯಲ್ಲ, ಆ ಸಿಪ್ಪೆಯ ಪದರ. ಈಗ ಕೈಗಿರಣಿಯಲ್ಲಿ ಕಾಳು ಮೂರ್ನಾಲ್ಕು ಚೂರಾಗುವಷ್ಟೇ ಒಡೆಯುತ್ತೇನೆ; ಸಿಪ್ಪೆ ದೋಣಿಯಂತೆ ಇಡಿಯಾಗಿ ಉಳಿಯಬೇಕು.

ಜೊತೆಗೆ 60 ಗ್ರಾಂ ಭತ್ತದ ಉಮಿ. ಕೊಡಗಿನಲ್ಲಿ ಇದಕ್ಕೇನೂ ಬರವಿಲ್ಲ, ಆದರೆ ತವುಡು ಬೆರೆತದ್ದು ಬೇಡ, ಅದು ಇನ್ನಷ್ಟು ಕಟ್ಟಿಸುತ್ತದೆ. ಬಿಸಿನೀರಲ್ಲಿ ಎರಡು ಸಲ ತೊಳೆದೇ ಹಾಕಿ.

3.6 ಲೀಟರ್‌ನಲ್ಲಿ ನೆನೆಸಿದರೆ ಮಾಲ್ಟ್ ಸುಮಾರು 1.2 ಲೀಟರ್ ಹೀರಿಕೊಂಡು 2.4 ಲೀಟರ್ ಬಿಡುತ್ತದೆ. ಮೊದಲ ಮಂಕು ರಸವನ್ನು ತಿಳಿಯಾಗುವವರೆಗೆ ನಿಧಾನವಾಗಿ ಮೇಲಿಂದ ಮತ್ತೆ ಸುರಿಯಿರಿ. ನಂತರ 75 ಡಿಗ್ರಿಯ ನೀರು, ಎರಡು ಲೀಟರ್‌ನಂತೆ ಎರಡು ಸಲ. ಪ್ರತಿ ಸಲ ಕಲಕಿ, ಹತ್ತು ನಿಮಿಷ ಬಿಟ್ಟು, ನಲ್ಲಿಯನ್ನು ಕಾಲು ಭಾಗ ಮಾತ್ರ ತೆರೆಯಿರಿ. ಪೂರ್ತಿ ತೆರೆದರೆ ಪದರ ಕುಸಿದು ಬಿಗಿಯುತ್ತದೆ.

ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಕುದಿನೀರಿಗೆ ತಣ್ಣೀರು ಬೆರೆಸುವ ಬಯಲುಸೀಮೆಯ ಲೆಕ್ಕ ಇಲ್ಲಿ ತಪ್ಪುತ್ತದೆ, ಥರ್ಮಾಮೀಟರ್ ನೋಡಿಯೇ ಸುರಿಯಬೇಕು. ಮಳೆಗಾಲದಲ್ಲಿ ಪಾತ್ರೆಗೆ ಕಂಬಳಿ ಸುತ್ತಿ. ತಣಿದರೆ ರಸ ಗಟ್ಟಿಯಾಗಿ ಇಳಿಯುವುದಿಲ್ಲ. 77 ಡಿಗ್ರಿ ಮೀರಿದರೆ ಸಿಪ್ಪೆಯ ಒಗರು ಇಳಿಯುವ ಅಪಾಯ. ಹೊರಬರುವ ರಸ 1.010ಕ್ಕೆ ಇಳಿದರೆ ತೊಳೆಯುವುದನ್ನು ನಿಲ್ಲಿಸಿ.

ಈಗ 6.4 ಲೀಟರ್‌ಗೆ 1.039 ಬರುತ್ತಿದೆ.