ಬೋರ್‌ವೆಲ್ ನೀರಿನ ಮನೆಗೆ ಹುಣಸೆ, ಅಂಟುವಾಳ, ನಿಂಬೆ ಉಪ್ಪು

ಪಾವಗಡ, ಶಿರಾ, ಮಧುಗಿರಿ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಕೊಳೆಗಿಂತ ಹೆಚ್ಚು ಕಾಡುವುದು ಬಿಳಿ ಉಪ್ಪು. ನಲ್ಲಿಯ ಬುಡ, ಬಚ್ಚಲ ಟೈಲ್ಸ್, ಸ್ಟೀಲ್ ಬಿಂದಿಗೆ, ಗೀಸರ್ ಕಾಯಿಲ್, ಹೀಗೆ ನೀರು ಒಣಗುವ, ಕಾಯುವ ಕಡೆಯೆಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಪದರ ಕಟ್ಟುತ್ತದೆ. ಅದೇ ಲವಣ ಸೋಪಿನ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಬಿಳಿ ಗಷ್ಟು ಏಳುತ್ತದೆ. ಹಾಗಾಗಿ ಸೋಪು ತುರಿದು ಬಿಸಿನೀರಿನಲ್ಲಿ ಕರಗಿಸುವ ಮನೆ ಲಿಕ್ವಿಡ್ ಇಲ್ಲಿ ಕೈಕೊಡುತ್ತದೆ. ತುಮಕೂರು ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುವ ಮನೆಗಳಿಗೆ ಈ ಕಾಟ ಕಡಿಮೆ. ಉಳಿದವರು ಲೆಕ್ಕ ಹೀಗಿಟ್ಟುಕೊಳ್ಳಿ: ಉಪ್ಪಿನ ಕರೆಗೆ ಹುಳಿ, ಎಣ್ಣೆ ಜಿಡ್ಡಿಗೆ ಬೂದಿ ಇಲ್ಲವೇ ಸೀಗೆಪುಡಿ, ದಿನನಿತ್ಯದ ತೊಳೆಯುವಿಕೆಗೆ ಅಂಟುವಾಳ.

ಅಂಟುವಾಳದಿಂದ ಶುರು ಮಾಡೋಣ, ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಅದರ ನೊರೆಗೆ ಕಾರಣ ಸಪೋನಿನ್. ಗಡಸು ನೀರಿನಲ್ಲಿ ಸೋಪಿನ ಹಾಗೆ ಗಷ್ಟಾಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ತರುವಾಗ ಕಾಯಿ ಒತ್ತಿ ನೋಡಿ: ಸಿಪ್ಪೆ ಸ್ವಲ್ಪ ಅಂಟಂಟಾಗಿ, ಕಂದು ಬಣ್ಣಕ್ಕಿರಬೇಕು. ಪುಡಿಪುಡಿಯಾಗಿ ಉದುರುವುದು, ಬೂಷ್ಟು ಹಿಡಿದದ್ದು ಬೇಡ. ಕಾಯಿ ಜಜ್ಜಿ ಕಪ್ಪು ಬೀಜ ತೆಗೆದುಹಾಕಿ. ಬೀಜದಲ್ಲಿ ನೊರೆ ಇಲ್ಲ. ಬೀಜ ತೆಗೆದ ಸಿಪ್ಪೆ 100 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಹಾಕಿ, ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಪಾತ್ರೆ ಕನಿಷ್ಠ 3 ಲೀಟರಿನದ್ದಿರಲಿ, ಇಲ್ಲದಿದ್ದರೆ ಹಾಲಿನ ಹಾಗೆ ಉಕ್ಕಿ ಸ್ಟೌವೆಲ್ಲ ಅಂಟಾಗುತ್ತದೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ಜರಡಿಯಲ್ಲಿ ಸೋಸಿದರೆ ಸಣ್ಣ ಚೂರುಗಳು ಉಳಿದು ಬೇಗ ಹುಳಿಯುತ್ತದೆ.

ಪಾತ್ರೆಗೆ ಒಂದು ಬಟ್ಟಲು ನೀರಿಗೆ ಎರಡು ದೊಡ್ಡ ಚಮಚ ಸಾಕು. ನೆಲಕ್ಕೆ 5 ಲೀಟರ್ ನೀರಿಗೆ 100 ಎಂಎಲ್. ಅಂಗಡಿ ಲಿಕ್ವಿಡ್‌ನಷ್ಟು ನೊರೆ ಬರಲಿಲ್ಲವೆಂದು ಇನ್ನಷ್ಟು ಸುರಿಯಬೇಡಿ. ನೊರೆ ಕಡಿಮೆಯಾದರೂ ಕೊಳೆ ಬಿಡುತ್ತದೆ. ಹೊರಗಿಟ್ಟರೆ ಮೂರು ದಿನ, ಬೇಸಿಗೆಯಲ್ಲಿ ಅದಕ್ಕೂ ಕಡಿಮೆ. ಫ್ರಿಜ್ಜಿನಲ್ಲಿ ಒಂದು ವಾರ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಬೇಕಾದಾಗ ಎರಡು ತುಂಡು. ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಆದ್ದರಿಂದ ಮಕ್ಕಳ ಕೈಗೆ ಸ್ಪ್ರೇ ಬಾಟಲಿ ಸಿಗದಿರಲಿ. ಮೀನಿಗೆ ಇದು ವಿಷ. ತೊಳೆದ ನೀರನ್ನು ಮೀನಿರುವ ತೊಟ್ಟಿಗೆ ಬಿಡಲೇಬೇಡಿ.

ಹೋಳಿಗೆ ಮಾಡಿದ ಕಾವಲಿ, ಬೋಂಡಾ ಕರಿದ ಬಾಣಲಿಗೆ ಅಂಟುವಾಳ ಸಾಲದು. ಮೊದಲು ಎಣ್ಣೆಯನ್ನು ಪೇಪರಿನಲ್ಲಿ ಒರೆಸಿ, ಜರಡಿ ಹಿಡಿದ ಸೌದೆ ಬೂದಿ ಉದುರಿಸಿ, ತೆಂಗಿನ ನಾರಿನಲ್ಲಿ ಉಜ್ಜಿ. ತಿಪಟೂರು ಕಡೆಯವರಿಗೆ ನಾರು, ತೆಂಗಿನ ಸಿಪ್ಪೆ ಬೂದಿ ಎರಡಕ್ಕೂ ಬರವಿಲ್ಲ. ಬೂದಿ ಕ್ಷಾರ, ಎಣ್ಣೆಯನ್ನು ಬಿಡಿಸುವುದು ಅದೇ ಗುಣ. ಅಲ್ಯೂಮಿನಿಯಂ ಪಾತ್ರೆಯನ್ನು ಕಪ್ಪಾಗಿಸುವುದೂ ಅದೇ. ನಾನ್‌ಸ್ಟಿಕ್‌ಗೆ ತಾಗಿಸಲೇಬೇಡಿ. ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ ಸುಟ್ಟ ಒಲೆಯ ಬೂದಿ ಅಡುಗೆ ಪಾತ್ರೆಗೆ ಬೇಡ.

ಉಪ್ಪಿನ ಕರೆಗೆ ನಿಂಬೆಹಣ್ಣು ಹಿಂಡುತ್ತ ಕೂರುವುದು ದುಬಾರಿ ಕೆಲಸ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, 50 ಗ್ರಾಂ ತಂದು 1 ಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ. ಶವರ್ ತಲೆಗೆ ಈ ನೀರು ತುಂಬಿದ ಪ್ಲಾಸ್ಟಿಕ್ ಕವರ್ ಕಟ್ಟಿ ಅರ್ಧ ಗಂಟೆ ಬಿಡಿ. ನಲ್ಲಿಗೆ ಬಟ್ಟೆ ಅದ್ದಿ ಸುತ್ತಿ. ಟೈಲ್ಸ್‌ಗೆ ಸ್ಪ್ರೇ ಮಾಡಿ 10 ನಿಮಿಷ ಬಿಟ್ಟು ಉಜ್ಜಿ. ಸಣ್ಣ ಗುಳ್ಳೆ ಎದ್ದರೆ ಕರೆ ಕರಗುತ್ತಿದೆ ಎಂದರ್ಥ. ಕೊನೆಗೆ ನೀರು ಹಾಕಿ ಒಣಬಟ್ಟೆಯಲ್ಲಿ ಒರೆಸಲೇಬೇಕು; ಹಾಗೇ ಬಿಟ್ಟರೆ ಅದೇ ಬೋರ್ ನೀರು ಒಣಗಿ ಮತ್ತೆ ಬಿಳಿ ಚುಕ್ಕೆ. ಕೆಟಲ್‌ಗೆ ಲೀಟರಿಗೆ 20 ಗ್ರಾಂ ಸಾಕು. ಪದರ ಬಹಳ ದಪ್ಪವಿದ್ದರೆ ಒಂದೇ ಸಲ ಹೆಚ್ಚು ಹಾಕಿ ಕುದಿಸಬೇಡಿ. ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬೇರೊಂದು ಬಿಳಿ ಪುಡಿ ತಳದಲ್ಲಿ ಕೂರುತ್ತದೆ. ನೀರು ಬದಲಿಸಿ ಎರಡು ಸಲ ಮಾಡಿ.

ಹುಳಿ ಎಲ್ಲಿ ಬೇಡ ಎಂಬುದೇ ಇಲ್ಲಿ ಮುಖ್ಯ. ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್, ರೆಡ್ ಆಕ್ಸೈಡ್ ನೆಲ, ಸಿಮೆಂಟು, ಇವೆಲ್ಲದರಲ್ಲೂ ಸುಣ್ಣದ ಅಂಶವಿದೆ, ಹುಳಿ ತಿಂದುಹಾಕುತ್ತದೆ. ಮೇಲ್ಮೈ ಮಂಕಾದರೆ ಮತ್ತೆ ಪಾಲಿಶ್ ಹೊಡೆಸುವುದೊಂದೇ ದಾರಿ. ಯಾವ ಕಲ್ಲೆಂದು ಗೊತ್ತಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಡಿ. ಗುಳ್ಳೆ ಎದ್ದರೂ, ಒರೆಸಿದ ಮೇಲೆ ಹೊಳಪು ಹೋಗಿದ್ದರೂ ಅಲ್ಲಿಗೆ ಅಂಟುವಾಳವೇ ಸರಿ.

ಹಿತ್ತಾಳೆ, ತಾಮ್ರಕ್ಕೆ ಹುಣಸೆಯನ್ನು ಮೀರಿದ್ದಿಲ್ಲ. ಹಳೇ ಕಪ್ಪು ಹುಣಸೆ ಇನ್ನೂ ಒಳ್ಳೆಯದು. ಹೊಸ ಫಸಲು ಬಂದಾಗ ಡಬ್ಬದಲ್ಲಿ ಉಳಿದ ಹಿಂದಿನ ವರ್ಷದ್ದು ಇದಕ್ಕಿಟ್ಟುಕೊಳ್ಳಿ. ನಿಂಬೆ ಗಾತ್ರದ ಉಂಡೆಯನ್ನು ಅರ್ಧ ಲೋಟ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಒಂದು ಚಮಚ ಪುಡಿ ಉಪ್ಪು ಬೆರೆಸಿ ಉಜ್ಜಿ. ಎರಡು ಮೂರು ನಿಮಿಷದಲ್ಲಿ ಹೊಳಪು ಬಂತೆಂದರೆ ತೊಳೆದುಬಿಡಿ. ಗಂಟೆಗಟ್ಟಲೆ ನೆನೆಹಾಕಿದ ಹಿತ್ತಾಳೆ ದೀಪ ಕೆಂಪಗೆ ತಿರುಗುತ್ತದೆ, ಸತು ಕರಗಿ ತಾಮ್ರ ಉಳಿಯುವುದರಿಂದ.

ಹಣ್ಣಿನ ಸಿಪ್ಪೆ, ಬೆಲ್ಲ ಹುಳಿ ಬರಿಸಿ ಮಾಡುವ ಬಯೋ ಎಂಜೈಮ್ ಬಗ್ಗೆ ಜನ ಹೊಗಳುವಷ್ಟು ಅದರಲ್ಲಿಲ್ಲ, ಆದರೂ ಬಚ್ಚಲ ವಾಸನೆಗೆ ಒಳ್ಳೆಯದೇ. ಬೆಲ್ಲ 100 ಗ್ರಾಂ, ಮೋಸಂಬಿ ಅಥವಾ ಕಿತ್ತಳೆ ಸಿಪ್ಪೆ 300 ಗ್ರಾಂ, ನೀರು 1 ಲೀಟರ್, 2 ಲೀಟರಿನ ಪ್ಲಾಸ್ಟಿಕ್ ಬಾಟಲಿ. ಗಾಜಿನ ಬಾಟಲಿ ಗ್ಯಾಸ್ ತುಂಬಿ ಒಡೆಯುತ್ತದೆ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ, 90 ದಿನಕ್ಕೆ ಸೋಸಿ. ಮೇಲೆ ಬಿಳಿ ಪೊರೆ ಬಂದರೆ ಚಿಂತೆಯಿಲ್ಲ. ಕಪ್ಪು ಬೂಷ್ಟು, ಕೊಳೆತ ವಾಸನೆ ಬಂದರೆ ಚೆಲ್ಲಿ. ಇದೂ ಹುಳಿಯೇ, ಕಡಪ ಕಲ್ಲಿಗೆ ಬೇಡ. ಸೋಂಕು ನಿವಾರಕ ಎಂದು ನಂಬಿ ಕಾಯಿಲೆ ಮನೆಯಲ್ಲಿ ಇದೊಂದನ್ನೇ ಬಳಸಬೇಡಿ.

ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ನೊರೆ ಬರಿಸುವ ಆಟದಲ್ಲಿ ಹುಳಿ, ಕ್ಷಾರ ಒಂದನ್ನೊಂದು ಕೊಂದು ಉಪ್ಪುನೀರು ಉಳಿಯುತ್ತದೆ. ಬೆರೆಸಿ ಬಾಟಲಿಗೆ ಮುಚ್ಚಳ ಬಿಗಿದರೆ ಸಿಡಿಯುತ್ತದೆ. ಸಂಪು ತೊಳೆಯಲು ಇಟ್ಟ ಬ್ಲೀಚಿಂಗ್ ಪೌಡರಂತೂ ನಿಂಬೆ ಉಪ್ಪು, ವಿನೆಗರ್, ಎಂಜೈಮ್ ಯಾವುದರ ಜೊತೆಗೂ ಸೇರಬಾರದು, ಕ್ಲೋರಿನ್ ಗ್ಯಾಸ್ ಏಳುತ್ತದೆ. ಟಾಯ್ಲೆಟ್ಟಿಗೆ ಒಂದು ದಿನ ಬ್ಲೀಚಿಂಗ್ ಹಾಕಿದ್ದರೆ ಪೂರ್ತಿ ನೀರು ಬಿಟ್ಟು, ಹುಳಿ ಕೆಲಸ ಮಾರನೇ ದಿನಕ್ಕಿಡಿ.