ಹಂಗಿಲ್ಲದೆ ಅಳೆಯುವುದು

ಕಂಪ್ಯೂಟರ್ ಆಟಗಳ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡೊಂದು ವಿಮರ್ಶೆಗೆಂದು ಕಂಪನಿಯಿಂದ ಮೊದಲ ಸಲ ನನ್ನ ಮನೆಗೆ ಬಂದದ್ದು ಒಂದು ಗುರುವಾರ ಸಂಜೆ. ಡಬ್ಬದಲ್ಲಿ ಕಾರ್ಡಿನ ಜೊತೆಗೆ ನನ್ನ ಹೆಸರು ಅಚ್ಚಾಗಿದ್ದ ಶುಭಾಶಯ ಪತ್ರ, ಇಮೇಲ್‌ನಲ್ಲಿ ನಲವತ್ತು ಪುಟಗಳ ‘ವಿಮರ್ಶಕರ ಕೈಪಿಡಿ’. ವಿಮರ್ಶೆ ಹೊರಬಿಡಲು ಅನುಮತಿ ಇದ್ದದ್ದು ಸೋಮವಾರ ಸಂಜೆಯಿಂದ. ನನ್ನ ಕೈಯಲ್ಲಿ ಇದ್ದದ್ದು ನಾಲ್ಕು ರಾತ್ರಿ, ಎರಡು ರಜಾದಿನ.

ಆ ಕೈಪಿಡಿಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಯಾವ ಹತ್ತು ಆಟಗಳಲ್ಲಿ ಪರೀಕ್ಷಿಸಿದರೆ ಚೆನ್ನ, ಯಾವ ರೆಸಲ್ಯೂಷನ್, ಯಾವ ಸೆಟ್ಟಿಂಗ್, ಎದುರಾಳಿ ಕಂಪನಿಯ ಯಾವ ಕಾರ್ಡಿನ ಜೊತೆ ಹೋಲಿಸಬೇಕು ಎಂಬುದೆಲ್ಲ ಅಚ್ಚುಕಟ್ಟಾಗಿ ಬರೆದಿತ್ತು. ಸಮಯ ಇರಲಿಲ್ಲ. ಹತ್ತರಲ್ಲಿ ಎಂಟು ಆಟಗಳನ್ನು ಅಲ್ಲಿಂದಲೇ ತೆಗೆದುಕೊಂಡೆ. ನನಗೆ ಸಿಕ್ಕ ಅಂಕಿಗಳು, ಅಂದರೆ ಕಾರ್ಡು ಸೆಕೆಂಡಿಗೆ ಎಷ್ಟು ಚೌಕಟ್ಟು (ಫ್ರೇಮ್) ಬಿಡಿಸುತ್ತದೆ ಎಂಬ ಲೆಕ್ಕ, ಅವರ ಅಂಕಿಗಳಿಗೆ ಹೆಚ್ಚುಕಡಿಮೆ ತಾಳೆಯಾದವು. ತಾಳೆಯಾದದ್ದನ್ನು ಕಂಡು, ನನ್ನ ಅಳತೆ ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡೆ.

ಮೂರು ವಾರದ ನಂತರ ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಪತ್ರ ಬಂತು. “ಸರ್, ನಿಮ್ಮ ಮಾತು ನಂಬಿ ಅಪ್ಪನ ಹತ್ತಿರ ದುಡ್ಡು ಕೇಳಿ ಇದೇ ಕಾರ್ಡು ಕೊಂಡೆ. ಫ್ಯಾನ್ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅಜ್ಜಿಗೆ ನಿದ್ದೆ ಬರುತ್ತಿಲ್ಲ. ನೀವು ‘ಸದ್ದು ಸಹಿಸಬಹುದಾದಷ್ಟಿದೆ’ ಎಂದು ಬರೆದಿದ್ದಿರಿ.”

ಹೌದು, ಬರೆದಿದ್ದೆ. ಬೆಂಗಳೂರಿನ ನನ್ನ ಕೋಣೆಯಲ್ಲಿ, 23 ಡಿಗ್ರಿಯಲ್ಲಿ, ಕ್ಯಾಬಿನೆಟ್ಟೇ ಇಲ್ಲದ ತೆರೆದ ಸ್ಟ್ಯಾಂಡಿನ ಮೇಲೆ ಕಾರ್ಡನ್ನು ಓಡಿಸಿ ಬರೆದಿದ್ದೆ. ಅವನ ಮನೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ, ಮುಚ್ಚಿದ ಕ್ಯಾಬಿನೆಟ್, ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಕಾರ್ಡಿನ ಶಾಖ ಯಾವಾಗಲೂ ಕೋಣೆಯ ಶಾಖದ ಮೇಲೆ ಕೂರುತ್ತದೆ. ಕೋಣೆ ಹದಿನೈದು ಡಿಗ್ರಿ ಏರಿದರೆ ಕಾರ್ಡನ್ನು ಮೊದಲಿನಷ್ಟೇ ತಂಪಾಗಿಡಲು ಫ್ಯಾನ್ ಇನ್ನೂ ಜೋರಾಗಿ ತಿರುಗಬೇಕು. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೂ ಬರೆಯಲಿಲ್ಲ. ಹಳೆಯ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಶುಕ್ರವಾರ ರಾತ್ರಿಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ‘ಸದ್ದು ಜಾಸ್ತಿ’ ಎಂದಿತ್ತು. ಅದು ಸೋಮವಾರದ ಹೊತ್ತಿಗೆ ‘ಸಹಿಸಬಹುದಾದಷ್ಟು’ ಆಗಿತ್ತು. ಬದಲಾಯಿಸು ಎಂದು ಯಾರೂ ನನಗೆ ಹೇಳಿರಲಿಲ್ಲ.

ಓದುಗರು ಪಕ್ಷಪಾತ ಎಂದಾಗ ದುಡ್ಡಿನ ಲಕೋಟೆಯನ್ನು ಊಹಿಸಿಕೊಳ್ಳುತ್ತಾರೆ, “ಎಷ್ಟು ಕೊಟ್ಟರು?” ಎಂದು ಕೇಳುತ್ತಾರೆ. ನನಗೆ ಯಾರೂ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ನನ್ನನ್ನು ಬಾಗಿಸಿದ್ದು ಹಂಗು. ಮುಂದಿನ ಕಾರ್ಡು ಬರುತ್ತದೋ ಇಲ್ಲವೋ ಎಂಬ ಅಳುಕು, ಹೆಸರು ಅಚ್ಚಾದ ಆ ಪತ್ರ, ಕಂಪನಿಯ ಪರವಾಗಿ ಫೋನಿನಲ್ಲಿ ನಯವಾಗಿ ಮಾತನಾಡುವ ಹುಡುಗಿ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳುತ್ತಾರೆ. ವಿಮರ್ಶಕನ ಕೆಲಸವೇ ಜಂತೆ ಎಣಿಸುವುದು. ಅಂದ ಮೇಲೆ ಆ ಮನೆಯಲ್ಲಿ ಉಣ್ಣುವುದನ್ನೇ ಬಿಡಬೇಕಾಯಿತು.

ಹಳೆಯ ವಿಮರ್ಶೆಯನ್ನು ಅಳಿಸಲಿಲ್ಲ. ಅದರ ತಲೆಯ ಮೇಲೆ ತಿದ್ದುಪಡಿ ಬರೆದು, ಕಾರ್ಡನ್ನು ವಾಪಸು ಕಳುಹಿಸಿದೆ. ಅಂದಿನಿಂದ ಕಾರ್ಡುಗಳನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತೇನೆ, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಪೂರ್ತಿ ಬೆಲೆಯನ್ನು ಠೇವಣಿ ಇಟ್ಟು ಎರಡು ವಾರಕ್ಕೆ ತರುತ್ತೇನೆ. ಪರೀಕ್ಷೆ ಮುಗಿದ ಕಾರ್ಡನ್ನು ಮಾರಿದಾಗ ಪ್ರತಿ ಸಲವೂ ನಷ್ಟವಾಗುತ್ತದೆ. ಆ ನಷ್ಟವನ್ನು ಸಂಬಳದಲ್ಲಿ ಭರಿಸುತ್ತೇನೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಕಾರ್ಡುಗಳಿಗಿಂತ ಹೆಚ್ಚು ನನ್ನಿಂದ ಆಗುವುದಿಲ್ಲ. ಅಂಗಡಿಯವರಿಗೂ ಅವರದೇ ಆಸೆಗಳಿವೆ ಎಂಬುದನ್ನು ಮರೆಯುವಂತಿಲ್ಲ. ಒಮ್ಮೆ ಅವರು, “ಈ ಮಾಡೆಲ್ಲು ಹತ್ತು ಪೀಸು ಉಳಿದುಬಿಟ್ಟಿದೆ, ಸ್ವಲ್ಪ ನೋಡಿ ಸರ್” ಎಂದರು. ಆ ಮಾಡೆಲನ್ನು ಬೇರೆ ಅಂಗಡಿಯಿಂದ ಕೊಂಡು ತಂದೆ.

ಅಂಗಡಿಯಿಂದಲೇ ತರುವುದಕ್ಕೆ ಇನ್ನೊಂದು ಕಾರಣವಿದೆ. 2016ರ ಜೂನ್‌ನಲ್ಲಿ ಟೆಕ್‌ಪವರ್‌ಅಪ್ ತಾಣದವರು ಒಂದು ಸಂಗತಿಯನ್ನು ಬಯಲಿಗೆಳೆದರು. ಎಂಎಸ್‌ಐ ಮತ್ತು ಆಸುಸ್ ಕಂಪನಿಗಳು ವಿಮರ್ಶಕರಿಗೆ ಕಳುಹಿಸಿದ ಜಿಟಿಎಕ್ಸ್ 1080 ಕಾರ್ಡುಗಳು, ಅಂಗಡಿಯಲ್ಲಿ ಜನರಿಗೆ ಸಿಗುವ ಅದೇ ಕಾರ್ಡುಗಳಿಗಿಂತ ತುಸು ಹೆಚ್ಚಿನ ಕ್ಲಾಕ್ ವೇಗಕ್ಕೆ, ಅಂದರೆ ಚಿಪ್ಪು ಕೆಲಸ ಮಾಡುವ ವೇಗಕ್ಕೆ, ಹೊಂದಿಸಿದ್ದವು. ವ್ಯತ್ಯಾಸ ಬಹಳ ಸಣ್ಣದು. ಆದರೆ ಬೇರೆಬೇರೆ ಕಂಪನಿಗಳು ಒಂದೇ ಚಿಪ್ಪಿನಿಂದ ಮಾಡಿದ ಐದು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟಾಗ ಪಟ್ಟಿಯಲ್ಲಿ ಮೇಲೆ ಕೂರಲು ಅಷ್ಟೇ ಸಾಕು. ನಾನು ಅಳೆಯಬೇಕಾದದ್ದು ಓದುಗನ ಕೈಗೆ ಬರುವ ಕಾರ್ಡನ್ನು.

ಈ ದಾರಿಯಲ್ಲಿ ಒಂದು ಕಷ್ಟವಿದೆ: ನನ್ನ ವಿಮರ್ಶೆ ಯಾವಾಗಲೂ ತಡ. ಕಾರ್ಡು ಮಾರುಕಟ್ಟೆಗೆ ಬಂದ ದಿನ ನನ್ನ ಹತ್ತಿರ ಹೇಳಲು ಏನೂ ಇರುವುದಿಲ್ಲ. ಮೊದಮೊದಲು ಇದು ತುಂಬ ಕಾಡುತ್ತಿತ್ತು. 2025ರ ಮೇ ತಿಂಗಳಲ್ಲಿ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5060 ಕಾರ್ಡು ಬಂದ ಬಗೆಯನ್ನು ನೋಡಿದ ಮೇಲೆ ಆ ಬೇಸರ ಹೋಯಿತು. ಕಾರ್ಡು ಓಡಲು ಬೇಕಾದ ಡ್ರೈವರ್ ಎಂಬ ತಂತ್ರಾಂಶವನ್ನು ಎನ್ವಿಡಿಯಾ ಬಹುಪಾಲು ವಿಮರ್ಶಕರಿಗೆ ಮುಂಚಿತವಾಗಿ ಕೊಡಲೇ ಇಲ್ಲ. ಆಯ್ದ ಕೆಲವರಿಗೆ ಮಾತ್ರ, ತಾನು ಹೇಳಿದ ಆಟಗಳಲ್ಲಿ, ತಾನು ಹೇಳಿದ ಸೆಟ್ಟಿಂಗ್‌ಗಳಲ್ಲಿ ಪರೀಕ್ಷಿಸಿ ಮುನ್ನೋಟ ಬರೆಯಲು ಅವಕಾಶ ಸಿಕ್ಕಿತು. ಮೇ 19ರಂದು ಮಾರಾಟ ಶುರುವಾದಾಗ ಎಷ್ಟೋ ವಿಮರ್ಶಕರು ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿದ್ದರು. ಆ ವಾರ “ಅಣ್ಣ, ತಗೊಳ್ಳಲೇ?” ಎಂದು ಕೇಳಿದವರಿಗೆಲ್ಲ “ಹತ್ತು ದಿನ ತಡೆಯಿರಿ” ಎಂದು ಒಂದೇ ಉತ್ತರ ಕೊಟ್ಟೆ. ತಡೆದವರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ.

ಅದಕ್ಕೂ ಮೊದಲು, 2020ರ ಡಿಸೆಂಬರ್‌ನಲ್ಲಿ, ಕಾರ್ಡುಗಳನ್ನು ವಿಮರ್ಶಿಸುವ ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್‌ಡ್ ಯೂಟ್ಯೂಬ್ ಬಳಗಕ್ಕೆ ಅದೇ ಕಂಪನಿ ಇಮೇಲ್ ಬರೆದಿತ್ತು. ನೀವು ಸಾಮಾನ್ಯ ಚಿತ್ರಣದ ವೇಗಕ್ಕೇ ಒತ್ತು ಕೊಡುತ್ತೀರಿ, ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್‌ನಂತಹ ಹೊಸ ತಂತ್ರಗಳನ್ನು ಕಡೆಗಣಿಸುತ್ತೀರಿ, ಆದ್ದರಿಂದ ನಮ್ಮದೇ ಹೆಸರಿನಲ್ಲಿ ಮಾರುವ ಫೌಂಡರ್ಸ್ ಎಡಿಷನ್ ಕಾರ್ಡುಗಳನ್ನು ಇನ್ನು ಮುಂದೆ ವಿಮರ್ಶೆಗೆ ಕಳುಹಿಸುವುದಿಲ್ಲ ಎಂಬುದು ಅದರ ಸಾರ. ದೊಡ್ಡ ಗದ್ದಲವಾಯಿತು. ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ಮಾತನ್ನು ಹಿಂತೆಗೆದುಕೊಂಡಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಗದ್ದಲಕ್ಕಿಂತ ಹೆಚ್ಚಾಗಿ ಆ ಇಮೇಲಿನ ತರ್ಕ. ಅವರ ಅಂಕಿಗಳು ತಪ್ಪು ಎಂದು ಕಂಪನಿ ಹೇಳಲಿಲ್ಲ. ಬೇರೆ ಪ್ರಶ್ನೆ ಕೇಳಿ ಎಂದಿತು. ಯಾವ ಪ್ರಶ್ನೆ ಕೇಳಬೇಕು ಎಂಬ ಹಕ್ಕು ಕೈತಪ್ಪಿದ ಮೇಲೆ ಎಷ್ಟು ಪ್ರಾಮಾಣಿಕವಾಗಿ ಅಳೆದರೂ ಉತ್ತರ ಮೊದಲೇ ನಿಶ್ಚಯವಾಗಿರುತ್ತದೆ. ಕೈಪಿಡಿ ನೋಡಿ ಎಂಟು ಆಟ ಆರಿಸಿಕೊಂಡಾಗ ನಾನು ಬಿಟ್ಟುಕೊಟ್ಟದ್ದು ಅದನ್ನೇ.

ಆದ್ದರಿಂದ ಈಗ ಆಟಗಳ ಪಟ್ಟಿಯನ್ನು ವರ್ಷದ ಆರಂಭದಲ್ಲಿ, ಯಾವ ಕಾರ್ಡು ಬರುತ್ತದೆ ಎಂದು ಗೊತ್ತಾಗುವ ಮುಂಚೆಯೇ ಪ್ರಕಟಿಸುತ್ತೇನೆ. ಓದುಗರು ಆಡುವ ಆಟಗಳನ್ನು ಅವರಿಂದಲೇ ಕೇಳಿ ಸೇರಿಸುತ್ತೇನೆ. ರೇ ಟ್ರೇಸಿಂಗ್ ಫಲಿತಾಂಶಗಳನ್ನು ಕೊಡುತ್ತೇನೆ, ಆದರೆ ಬೇರೆ ಕೋಷ್ಟಕದಲ್ಲಿ. ನಡುವೆ ಚೌಕಟ್ಟುಗಳನ್ನು ತಾನೇ ಹುಟ್ಟಿಸಿ ತುಂಬುವ ಫ್ರೇಮ್ ಜನರೇಷನ್‌ನ ಅಂಕಿಗಳನ್ನು ಮಾಮೂಲಿ ಅಂಕಿಗಳ ಪಕ್ಕದಲ್ಲಿ ಎಂದೂ ಇಡುವುದಿಲ್ಲ. ಕಣ್ಣಿಗೆ ನುಣುಪಾಗಿ ಕಂಡರೂ ಮೌಸ್ ಚಲಿಸಿದ್ದಕ್ಕೆ ಆಟ ಸ್ಪಂದಿಸುವ ಹೊತ್ತು ಅದರಿಂದ ಕಡಿಮೆಯಾಗುವುದಿಲ್ಲ.

ಆಟದೊಳಗೇ ಸಿಗುವ ಸಿದ್ಧ ವೇಗಪರೀಕ್ಷೆಯನ್ನೂ (ಬೆಂಚ್‌ಮಾರ್ಕ್) ನಂಬುವುದಿಲ್ಲ. ಇದು ಹಳೆಯ ಪಾಠ. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ಡ್ರೈವರ್, ಓಡುತ್ತಿರುವ ಪ್ರೋಗ್ರಾಂನ ಹೆಸರಿನಲ್ಲಿ ‘ಕ್ವೇಕ್’ ಎಂಬ ಆಟದ ಹೆಸರಿದೆಯೇ ಎಂದು ನೋಡಿ, ಇದ್ದರೆ ಚಿತ್ರದ ಗುಣಮಟ್ಟ ಇಳಿಸಿ ವೇಗ ಹೆಚ್ಚಿಸುತ್ತಿತ್ತು. ಹಾರ್ಡ್‌ಒಸಿಪಿ ತಾಣದವರು ಆ ಹೆಸರನ್ನು ‘ಕ್ವ್ಯಾಕ್’ ಎಂದು ಬದಲಿಸಿ ಓಡಿಸಿದಾಗ ವೇಗ ಇಳಿಯಿತು, ಚಿತ್ರ ಸ್ಪಷ್ಟವಾಯಿತು. 2003ರಲ್ಲಿ ಸರದಿ ಎನ್ವಿಡಿಯಾದ್ದು. 3ಡಿಮಾರ್ಕ್03 ಎಂಬ ವೇಗಪರೀಕ್ಷೆಯ ತಂತ್ರಾಂಶದಲ್ಲಿ ಕ್ಯಾಮೆರಾ ಸಾಗುವ ದಾರಿ ಮೊದಲೇ ನಿಗದಿಯಾಗಿರುತ್ತದೆ. ಆ ದಾರಿಯಿಂದ ಕಾಣದ ಭಾಗಗಳನ್ನು ಡ್ರೈವರ್ ಬಿಡಿಸುತ್ತಲೇ ಇರಲಿಲ್ಲ. ಕ್ಯಾಮೆರಾವನ್ನು ದಾರಿಯಿಂದ ಆಚೆ ತಿರುಗಿಸಿದವರಿಗೆ ಹರಿದುಹೋದ ಆಕಾಶ ಕಂಡಿತು. ಹಾಗಾಗಿ ನಾನು ಆಟವನ್ನು ಕೈಯಾರೆ ಆಡುತ್ತೇನೆ, ಅದೂ ಜನಜಂಗುಳಿಯ ಪೇಟೆಯ ದೃಶ್ಯದಲ್ಲಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ. 8 ಜಿಬಿ ಮೆಮೊರಿಯ ಕಾರ್ಡುಗಳ ನಿಜರೂಪ ಒಂದು ನಿಮಿಷದ ಓಟದಲ್ಲಿ ಗೊತ್ತಾಗುವುದಿಲ್ಲ. ಒಮ್ಮೆ ಸರಾಸರಿ ಚೆನ್ನಾಗಿಯೇ ಬರುತ್ತಿತ್ತು. ಇಪ್ಪತ್ತನೆಯ ನಿಮಿಷದಲ್ಲಿ, ಗೋಡೆಗೆ ಅಂಟಿಸಿದ್ದ ಭಿತ್ತಿಪತ್ರದ ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಕಲಸಿಹೋಗಿದ್ದವು. ಮೆಮೊರಿ ಸಾಲದೆ ಆಟವೇ ಸದ್ದಿಲ್ಲದೆ ಚಿತ್ರದ ಗುಣಮಟ್ಟ ಇಳಿಸಿತ್ತು. ಅಂಕಿಯಲ್ಲಿ ಅದರ ಸುಳಿವೇ ಇರಲಿಲ್ಲ.

ಇಷ್ಟೆಲ್ಲ ಮಾಡಿ, ನಾನೀಗ ಸ್ವತಂತ್ರ ಎಂದು ನಂಬಿಕೊಂಡಿದ್ದೆ. ಆ ನಂಬಿಕೆಯನ್ನು ಪ್ರಶ್ನಿಸಿದವಳು ನನ್ನ ತಂಗಿ. ಅವಳು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಕಂಪನಿಯಲ್ಲಿ ಷೇರು ಹೊಂದಿದವರು ಅದೇ ಕಂಪನಿಯ ಲೆಕ್ಕ ಪರಿಶೋಧಿಸುವಂತಿಲ್ಲ ಎಂಬ ನಿಯಮದ ಬಗ್ಗೆ ಊಟದ ಹೊತ್ತಿನಲ್ಲಿ ಮಾತು ಬಂತು. “ಅಣ್ಣ, ಕಾಲೇಜಿನಿಂದ ನೀನು ಒಂದೇ ಕಂಪನಿಯ ಕಾರ್ಡು ಬಳಸುತ್ತಿದ್ದೀಯಲ್ಲ, ಅದು ಷೇರಲ್ಲವೇ?” ಎಂದಳು. ಉತ್ತರ ಹೊಳೆಯಲಿಲ್ಲ.

ಮುಂದಿನ ಪರೀಕ್ಷೆಯನ್ನು ಅವಳ ಕೈಗೆ ಕೊಟ್ಟೆ. ಎರಡು ಕಂಪನಿಗಳ, ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಕಾರ್ಡುಗಳು. ಅವಳು ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಚೀಟಿ ಅಂಟಿಸಿದಳು. ಪ್ರತಿಯೊಂದರ ಡ್ರೈವರಿಗೂ ಬೇರೆ ಎಸ್‌ಎಸ್‌ಡಿ. ನಾನು ಹೊರಗೆ ನಿಂತಿರುವಾಗ ಕಾರ್ಡು ಕೂರಿಸಿ, ಕ್ಯಾಬಿನೆಟ್ಟಿನ ಮೇಲೆ ಬೆಡ್‌ಶೀಟ್ ಇಳಿಬಿಟ್ಟು, ಆಟ ತೆರೆದ ಮೇಲೆ ನನ್ನನ್ನು ಒಳಗೆ ಕರೆಯುತ್ತಿದ್ದಳು. ಫ್ಯಾನಿನ ಸದ್ದಿನಿಂದ ಗುರುತು ಸಿಗದಂತೆ ಕಿವಿಗೆ ಹೆಡ್‌ಫೋನ್. ಪ್ರೆಸೆಂಟ್‌ಮಾನ್ ಉಪಕರಣ ದಾಖಲಿಸಿದ ಒಂದೊಂದು ಫ್ರೇಮಿನ ಸಮಯದ ಕಡತದಿಂದ ಕಾರ್ಡಿನ ಹೆಸರನ್ನು ಅಳಿಸಿ ಕೊಡುತ್ತಿದ್ದಳು. ಎರಡು ಭಾನುವಾರ ಹೀಗೆ ಕಳೆದವು. ಚೀಟಿ ಬಿಚ್ಚುವ ಮೊದಲೇ ತೀರ್ಪು ಬರೆದು ಅವಳಿಗೆ ಕೊಡಬೇಕೆಂಬುದು ಅವಳ ಷರತ್ತು.

‘“ಆ” ಕಾರ್ಡಿನ ಸರಾಸರಿ ಮುಂದಿದೆ, ಆದರೆ ಪೇಟೆಯ ದೃಶ್ಯದಲ್ಲಿ ಮುಗ್ಗರಿಸುತ್ತದೆ. ಈ ಬೆಲೆಗೆ “ಅ” ಕೊಳ್ಳುತ್ತೇನೆ’ ಎಂದು ಬರೆದೆ. ಬೆಡ್‌ಶೀಟ್ ತೆಗೆದಾಗ, ಮುಗ್ಗರಿಸಿದ್ದು ನಾನು ಹತ್ತು ವರ್ಷದಿಂದ ಇಷ್ಟಪಟ್ಟು ಬಳಸಿದ ಕಂಪನಿಯ ಕಾರ್ಡು. ಹೆಸರು ಗೊತ್ತಿದ್ದರೆ ಆ ಮುಗ್ಗರಿಕೆಯನ್ನು ‘ಡ್ರೈವರ್ ಹೊಸದು, ಸರಿಹೋಗುತ್ತದೆ’ ಎಂದು ಖಂಡಿತ ಬರೆದಿರುತ್ತಿದ್ದೆ. ಎದುರು ಕಂಪನಿಯದಾಗಿದ್ದರೆ ಅದೇ ಮುಗ್ಗರಿಕೆ ಶೀರ್ಷಿಕೆಯಾಗುತ್ತಿತ್ತು. ಈಗ ತೀರ್ಪಿನ ಭಾಗವನ್ನು ಚೀಟಿ ಬಿಚ್ಚುವ ಮೊದಲಲ್ಲದೆ ಬರೆಯುವುದಿಲ್ಲ.

ದುಡ್ಡಿನ ವಿಷಯ ಹೇಳದೆ ಇದು ಪೂರ್ತಿಯಾಗದು. ಲೇಖನದ ಕೆಳಗೆ ಮಾರಾಟ ಕೊಂಡಿ ಹಾಕಿದರೆ ಕಮಿಷನ್ ಬರುತ್ತದೆ. ಒಂದು ವರ್ಷ ಹಾಕಿದ್ದೆ. ಆ ಕೊಂಡಿ ನನ್ನನ್ನು ಯಾವ ಕಂಪನಿಯ ಕಡೆಗೂ ಎಳೆಯಲಿಲ್ಲ, ನಿಜ. ಎಳೆದದ್ದು ‘ಕೊಳ್ಳಿ’ ಎಂಬ ಮಾತಿನ ಕಡೆಗೆ. ಆ ವರ್ಷದ ಬರಹಗಳನ್ನು ತಿರುವಿದಾಗ ‘ನಿಮ್ಮ ಹಳೆಯ ಕಾರ್ಡೇ ಸಾಕು’ ಎಂಬ ಸಲಹೆ ಒಂದರಲ್ಲೂ ಸಿಗಲಿಲ್ಲ. ಕೊಂಡಿಗಳನ್ನು ತೆಗೆದುಹಾಕಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪುಕ್ಕಟೆ ಸಿಕ್ಕ ವಸ್ತುವನ್ನೂ ಸಂಬಂಧವೆಂದೇ ಎಣಿಸಿ ಓದುಗರಿಗೆ ಎದ್ದುಕಾಣುವಂತೆ ತಿಳಿಸಬೇಕು. ಕಾರ್ಡು ಎಲ್ಲಿಂದ ಬಂತು, ಎಷ್ಟು ಕೊಟ್ಟೆ, ಆಮೇಲೆ ಏನಾಯಿತು ಎಂಬುದನ್ನು ನಾನು ಮೊದಲ ಸಾಲಿನಲ್ಲೇ ಬರೆಯುತ್ತೇನೆ.

ಕಟ್ಟಕಡೆಗೆ ಬದಲಾದದ್ದು ಪರೀಕ್ಷೆಯ ಮೇಜು. ದುಬಾರಿ ಪ್ರೊಸೆಸರ್, ಹೊಸ ಮದರ್‌ಬೋರ್ಡ್ ಇಟ್ಟುಕೊಂಡು ಅಗ್ಗದ ಕಾರ್ಡನ್ನು ಅಳೆಯುವುದೂ ಒಂದು ಬಗೆಯ ಪಕ್ಷಪಾತವೇ. 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಗೆ 4 ಜಿಬಿ ಮೆಮೊರಿ, ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಸಾಗಿಸುವ ಪಿಸಿಐಇ ಹಾದಿಯ ನಾಲ್ಕೇ ಲೇನ್. ಪಿಸಿಐಇಯ ನಾಲ್ಕನೆಯ ತಲೆಮಾರಿನ ಬೋರ್ಡಿನಲ್ಲಿ ಹೇಗೋ ನಡೆಯುತ್ತಿದ್ದ ಅದು, ಮೂರನೆಯ ತಲೆಮಾರಿನ ಹಳೆಯ ಬೋರ್ಡಿನಲ್ಲಿ ಮೆಮೊರಿ ತುಂಬಿದೊಡನೆ ಕುಸಿಯುತ್ತಿತ್ತು. ಅಷ್ಟು ಅಗ್ಗದ ಕಾರ್ಡನ್ನು ಕೊಳ್ಳುವವನ ಹತ್ತಿರ ಇರುವುದು ಹಳೆಯ ಬೋರ್ಡೇ. ಆದ್ದರಿಂದ ನನ್ನ ಮೇಜಿನ ಮೇಲೆ ಈಗ ಎರಡು ಕಂಪ್ಯೂಟರುಗಳಿವೆ, ಒಂದು ಹೊಸದು, ಒಂದು ಐದಾರು ವರ್ಷ ಹಳೆಯದು.

ಮೂರನೆಯದು ಕಲಬುರಗಿಯಲ್ಲಿದೆ. ಅಂದು ಪತ್ರ ಬರೆದ ಹುಡುಗ ಈಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ಬೇಸಿಗೆಯಲ್ಲಿ ಕಾರ್ಡುಗಳನ್ನು ಎಸ್.ಪಿ. ರಸ್ತೆಯಿಂದಲೇ ಬಸ್ಸಿನಲ್ಲಿ ಅವನಿಗೆ ಕಳುಹಿಸುತ್ತೇನೆ. ಅದೇ ಆಟ, ಅದೇ ಅರ್ಧ ಗಂಟೆ, ಫ್ಯಾನಿನಿಂದ ಒಂದಡಿ ದೂರದಲ್ಲಿ ಸದ್ದಿನ ಮೀಟರ್. ನನ್ನ ಕೋಷ್ಟಕದ ಕೆಳಗೆ ಅವನ ಅಂಕಿಗಳಿಗೆ ಬೇರೆಯೇ ಸಾಲು ಇದೆ. ಅದರ ಹಣೆಪಟ್ಟಿಯನ್ನು ಅವನೇ ಬರೆದು ಕಳುಹಿಸಿದ್ದ: ‘ಕಲಬುರಗಿ, ಮುಚ್ಚಿದ ಕ್ಯಾಬಿನೆಟ್, ಕೋಣೆ 39 ಡಿಗ್ರಿ.’