ವಿಶ್ವ ಇತಿಹಾಸಕ್ಕೆ ಪ್ರಶ್ನೆಪತ್ರಿಕೆ ತೆಗೆಯುವುದು: ನನ್ನ ಅನುಭವ

ಬರೀ ಇಸವಿ ಕೇಳುವ ಪ್ರಶ್ನೆಪತ್ರಿಕೆ ತೆಗೆಯಲು ಒಂದು ಸಂಜೆ ಸಾಕು. 1453, 1492, 1789, 1917 ಎಂದು ಬರೆದು ಕೆಳಗೆ ನಾಲ್ಕು ನಾಲ್ಕು ಆಯ್ಕೆ ಇಟ್ಟರೆ ಮುಗಿಯಿತು. ಅದರಲ್ಲಿ ಪೂರ್ತಿ ಅಂಕ ತೆಗೆದವರನ್ನೇ, ವಿಜಯನಗರ ಹುಟ್ಟಿದ ಹೊತ್ತಿಗೆ ಯುರೋಪಿನಲ್ಲಿ ಏನಾಗುತ್ತಿತ್ತು ಎಂದು ಕೇಳಿ ನೋಡಿ, ತಡವರಿಸುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕಡೆ ಪದವಿ ಓದುವವರಿಗೆ, ಪಿಡಿಒ, ಕೆಎಎಸ್ ಪರೀಕ್ಷೆಗೆ ಕೂರುವವರಿಗೆ ನಾನು ತೆಗೆಯುವ ಪತ್ರಿಕೆಯಲ್ಲಿ ಅಳೆಯುವುದು ಮೂರನ್ನು: ಯಾವುದರ ಹಿಂದೆ ಯಾವುದು, ಯಾವುದರ ಜೊತೆಗೆ ಯಾವುದು, ಯಾವುದರಿಂದ ಯಾವುದು. ಇಸವಿ ಇವಕ್ಕೆ ಆಸರೆ ಮಾತ್ರ.

ಪತ್ರಿಕೆ ಒಟ್ಟು 100 ಅಂಕದ್ದು, ಸಮಯ 90 ನಿಮಿಷ. ಬಹು ಆಯ್ಕೆಯ 50 ಪ್ರಶ್ನೆಗೆ 50 ಅಂಕ, ಕಾಲಾನುಕ್ರಮಕ್ಕೆ ಜೋಡಿಸುವ 6 ಗುಂಪಿಗೆ ತಲಾ 3ರಂತೆ 18, ನಕ್ಷೆಯಲ್ಲಿ ಗುರುತಿಸುವ 12 ಸ್ಥಳಕ್ಕೆ 12, ಕಾರಣ ಬರೆಯುವ 4 ಪ್ರಶ್ನೆಗೆ ತಲಾ 5ರಂತೆ 20. ಆಯ್ಕೆಯ ಪ್ರಶ್ನೆ ಒಂದಕ್ಕೆ ಸುಮಾರು 40 ಸೆಕೆಂಡ್, ಜೋಡಣೆಯ ಗುಂಪೊಂದಕ್ಕೆ 2 ನಿಮಿಷ, ನಕ್ಷೆಗೆ 10 ನಿಮಿಷ, ಕಾರಣದ ಪ್ರಶ್ನೆಗೆ 6 ನಿಮಿಷ. ಇದೆಲ್ಲ ಸೇರಿ 80 ನಿಮಿಷ ಆಗುತ್ತದೆ. ಉಳಿದದ್ದು ಮತ್ತೊಮ್ಮೆ ಕಣ್ಣಾಡಿಸಲು.

ಪ್ರಶ್ನೆ ಬರೆಯುವ ಮೊದಲೇ ಹಂಚಿಕೆಯ ಪಟ್ಟಿ ಮಾಡಿಕೊಳ್ಳಬೇಕು. ಮಾಡದಿದ್ದರೆ ಕೈ ತಾನಾಗಿಯೇ 1789ರಿಂದ 1945ರವರೆಗಿನ ಯುರೋಪಿನ ಕಡೆಗೆ ಓಡುತ್ತದೆ, ಏಕೆಂದರೆ ನಾವೆಲ್ಲ ಓದಿದ ಪಠ್ಯಗಳಲ್ಲಿ ತುಂಬಿರುವುದು ಅದೇ. 50ರಲ್ಲಿ ಪ್ರಾಚೀನ ಕಾಲಕ್ಕೆ 10, ಮಧ್ಯಯುಗಕ್ಕೆ 12, 1450ರಿಂದ 1789ರವರೆಗೆ 12, ಅಲ್ಲಿಂದ 1914ರವರೆಗೆ 9, ಆಮೇಲಿನದಕ್ಕೆ 7 ಇಡುತ್ತೇನೆ. ಯಾವ ಕಾಲದ್ದೇ ಆಗಲಿ, ಯುರೋಪಿನ ಪ್ರಶ್ನೆಗಳು ಒಟ್ಟು 20 ದಾಟಬಾರದು. ಈ ಮಿತಿ ಹಾಕಿಕೊಂಡ ಮೇಲೆಯೇ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟ ಮಾಲಿಯ ಮಾನ್ಸಾ ಮೂಸಾ, 1405ರಲ್ಲಿ ಮೊದಲ ಸಲ ಹಡಗುಪಡೆ ಹೊರಡಿಸಿದ ಚೀನಾದ ಝೆಂಗ್ ಹೆ, 1804ರಲ್ಲಿ ಸ್ವತಂತ್ರವಾದ ಹೈಟಿ, 1868ರ ಜಪಾನಿನ ಮೇಜಿ ಬದಲಾವಣೆ, 1896ರಲ್ಲಿ ಅದ್ವಾದಲ್ಲಿ ಇಟಲಿಯನ್ನು ಸೋಲಿಸಿದ ಇಥಿಯೋಪಿಯ ಪತ್ರಿಕೆಯೊಳಗೆ ಬರುವುದು.

ಆಯ್ಕೆಯ ಪ್ರಶ್ನೆಯಲ್ಲಿ ನಿಜವಾದ ಕೆಲಸ ಇರುವುದು ತಪ್ಪು ಉತ್ತರಗಳನ್ನು ಬರೆಯುವುದರಲ್ಲಿ. ಸರಿ ಉತ್ತರ ಪುಸ್ತಕದಲ್ಲಿ ಇರುತ್ತದೆ, ತಪ್ಪನ್ನು ನಾವೇ ಹುಡುಕಬೇಕು. ನೆಪೋಲಿಯನ್ ಸೋತ 1815ರ ವಾಟರ್ಲೂ ಕದನದಲ್ಲಿ ಬ್ರಿಟಿಷ್ ಪಡೆಯ ನಾಯಕ ಯಾರು ಎಂಬ ಪ್ರಶ್ನೆ ತೆಗೆದುಕೊಳ್ಳಿ. ವೆಲಿಂಗ್ಟನ್ ಜೊತೆಗೆ ಚರ್ಚಿಲ್, ಲಿಂಕನ್, ಗ್ಯಾರಿಬಾಲ್ಡಿ ಎಂದು ಹಾಕಿದರೆ ಏನೂ ಓದದವರೂ ಸರಿ ಉತ್ತರ ಹಾಕುತ್ತಾರೆ. ನೆಲ್ಸನ್, ಬ್ಲೂಖರ್, ಕಾರ್ನ್‌ವಾಲಿಸ್ ಎಂದು ಹಾಕಿದರೆ ಒಂದೊಂದು ತಪ್ಪೂ ಒಂದೊಂದು ಸುದ್ದಿ ಹೇಳುತ್ತದೆ. ನೆಲ್ಸನ್ ಎಂದವರು ನೆಪೋಲಿಯನ್ನನ ಶತ್ರು ಎಂಬಷ್ಟನ್ನು ಹಿಡಿದಿದ್ದಾರೆ, ಆತ 1805ರ ಟ್ರಫಾಲ್ಗರ್ ಸಮುದ್ರ ಕದನದಲ್ಲೇ ಸತ್ತನೆಂಬುದು ಗೊತ್ತಿಲ್ಲ. ಬ್ಲೂಖರ್ ಎಂದವರಿಗೆ ವಾಟರ್ಲೂ ಗೊತ್ತು, ಆತ ಪ್ರಷ್ಯದವನೆಂದು ತಿಳಿದಿಲ್ಲ. ಕಾರ್ನ್‌ವಾಲಿಸ್ ಎಂದವರು ಮೈಸೂರು ಯುದ್ಧಗಳ ಹೆಸರನ್ನು ಇಲ್ಲಿಗೆ ತಂದಿದ್ದಾರೆ. ಉತ್ತರ ಪತ್ರಿಕೆ ವಾಪಸ್ ಕೊಡುವಾಗ ಯಾರಿಗೆ ಏನು ವಿವರಿಸಬೇಕೆಂಬುದು ಆ ಗುರುತಿನಿಂದಲೇ ತಿಳಿಯುತ್ತದೆ. ಅದೇ ವೆಲಿಂಗ್ಟನ್ ಇನ್ನೂ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, 1800ರಲ್ಲಿ, ಬ್ರಿಟಿಷರ ವಿರುದ್ಧ ದಂಗೆಯೆದ್ದ ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟಿಕೊಂಡು ಹರಿಹರದಲ್ಲಿ ತುಂಗಭದ್ರೆ ದಾಟಿದವನು. ಇದನ್ನು ಹೇಳಿದರೆ ಈ ಕಡೆಯ ಮಕ್ಕಳಿಗೆ ವಾಟರ್ಲೂ ಮತ್ತೆ ಮರೆಯುವುದಿಲ್ಲ.

ಆಯ್ಕೆಗಳ ಉದ್ದವನ್ನೂ ನೋಡಬೇಕು. ಸರಿ ಉತ್ತರಕ್ಕೆ ವಿವರ ಸೇರಿಸುತ್ತಾ ಹೋಗಿ ಅದೇ ಎಲ್ಲಕ್ಕಿಂತ ಉದ್ದವಾಗುತ್ತದೆ. ತರಬೇತಿ ಪಡೆದವರು ಓದದೆಯೇ ಉದ್ದದ್ದಕ್ಕೆ ಗುರುತು ಹಾಕುತ್ತಾರೆ. ‘ಮೇಲಿನ ಎಲ್ಲವೂ’ ಎಂಬುದನ್ನು ನಾನು ಬಳಸುವುದೇ ಇಲ್ಲ: ಎರಡು ಸರಿ ಎಂದು ಗೊತ್ತಾದ ಕೂಡಲೇ ಮೂರನೆಯದನ್ನು ಓದಬೇಕಾಗಿಲ್ಲ. ‘ಯಾವುದು ಅಲ್ಲ’ ಎಂದು ಕೇಳುವಾಗ ‘ಅಲ್ಲ’ದ ಕೆಳಗೆ ಗೆರೆ ಎಳೆಯಬೇಕು, ಇಲ್ಲದಿದ್ದರೆ ನಾವು ಅಳೆಯುವುದು ಕಣ್ಣನ್ನು, ತಿಳಿವಳಿಕೆಯನ್ನಲ್ಲ. ಸರಿ ಉತ್ತರದ ಜಾಗವನ್ನು ಮನಸ್ಸಿಗೆ ಬಿಡದೆ ಚೀಟಿ ಎತ್ತಿ ನಿಗದಿ ಮಾಡುವುದು ಒಳ್ಳೆಯದು.

ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ನಾಲ್ಕಕ್ಕೆ ನಾಲ್ಕು ಕೊಟ್ಟರೆ ಮೂರು ಗೊತ್ತಿದ್ದವರಿಗೆ ನಾಲ್ಕನೆಯದು ಬಿಟ್ಟಿ. ಬಲಬದಿಗೆ ಐದು ಇಡಿ. ಸಂಕೇತದ ರೂಪದಲ್ಲಿ, ಅಂದರೆ ‘ಎ-2, ಬಿ-4’ ಎಂಬಂತೆ ಜೋಡಿಗಳನ್ನು ಆಯ್ಕೆಗಳಲ್ಲೇ ಕೊಟ್ಟು ಕೇಳುವುದಾದರೆ ಇನ್ನೊಂದು ಎಚ್ಚರ ಬೇಕು: ಸರಿಯಾದ ಒಂದೊಂದು ಜೋಡಿಯೂ ಕನಿಷ್ಠ ಎರಡು ಆಯ್ಕೆಗಳಲ್ಲಿ ಕಾಣಿಸಿಕೊಳ್ಳಬೇಕು. ಒಂದೇ ಆಯ್ಕೆಯಲ್ಲಿದ್ದರೆ ಒಂದು ಜೋಡಿ ಗೊತ್ತಿರುವವರಿಗೆ ಪೂರ್ತಿ ಅಂಕ ಸಿಗುತ್ತದೆ.

ಊಹೆಯ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ನಾಲ್ಕು ಆಯ್ಕೆಯ 50 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ 12.5 ಅಂಕ ಬರುತ್ತದೆ. ತಪ್ಪಿಗೆ ಕಾಲು ಅಂಕ ಕಳೆದರೂ ಸುಮಾರು 3 ಅಂಕ ಉಳಿಯುತ್ತದೆ. ಮೂರನೇ ಒಂದು ಅಂಕ ಕಳೆದರೆ ಸರಾಸರಿ ಸೊನ್ನೆಗೆ ಇಳಿಯುತ್ತದೆ. ಯುಪಿಎಸ್‌ಸಿ ಕಳೆಯುವುದು ಮೂರನೇ ಒಂದನ್ನೇ. ನಾನೂ ಅದನ್ನೇ ಅನುಸರಿಸುತ್ತೇನೆ.

ಇಸವಿಯ ಪ್ರಶ್ನೆ ಕೇಳಲೇಬೇಕಾದಾಗ ಘಟನೆಯನ್ನು ಬಿಡಿಸಿ ಹೇಳಬೇಕು. ‘ಎರಡನೇ ಮಹಾಯುದ್ಧ ಯಾವ ದಿನ ಮುಗಿಯಿತು’ ಎಂಬುದು ಪ್ರಶ್ನೆಯೇ ಅಲ್ಲ: ಯುರೋಪಿನಲ್ಲಿ 1945ರ ಮೇ 8, ಜಪಾನ್ ಶರಣಾಗತಿ ಘೋಷಿಸಿದ್ದು ಆಗಸ್ಟ್ 15, ಸಹಿ ಬಿದ್ದದ್ದು ಸೆಪ್ಟೆಂಬರ್ 2. ಮೊದಲ ಮಹಾಯುದ್ಧಕ್ಕೂ ಹಾಗೆಯೇ. ಕದನವಿರಾಮ 1918ರ ನವೆಂಬರ್ 11ಕ್ಕೆ, ವರ್ಸೇಲ್ಸ್ ಒಪ್ಪಂದ 1919ರ ಜೂನ್ 28ಕ್ಕೆ. ರಷ್ಯದ ಅಕ್ಟೋಬರ್ ಕ್ರಾಂತಿ ಹಳೆಯ ಜೂಲಿಯನ್ ಪಂಚಾಂಗದ ಪ್ರಕಾರ 1917ರ ಅಕ್ಟೋಬರ್ 25, ಈಗಿನ ಲೆಕ್ಕದಲ್ಲಿ ನವೆಂಬರ್ 7. ಆಯ್ಕೆಗಳಲ್ಲಿ ಎರಡೂ ತಿಂಗಳು ಇದ್ದು ಪಂಚಾಂಗ ಯಾವುದೆಂದು ಹೇಳದಿದ್ದರೆ ಹೆಚ್ಚು ಓದಿದವರೇ ಎಡವುತ್ತಾರೆ. ‘ಮೊದಲಿಗ’ರ ಪ್ರಶ್ನೆಗಳಲ್ಲೂ ಇದೇ ತೊಂದರೆ. ಭೂಮಿಯನ್ನು ಮೊದಲು ಸುತ್ತಿದವನು ಮೆಗಲನ್ ಎಂದು ಕೀ ಉತ್ತರದಲ್ಲಿ ಹಾಕಿದ ಪತ್ರಿಕೆಗಳು ಬೇಕಾದಷ್ಟಿವೆ. ಆತ 1521ರಲ್ಲಿ ಫಿಲಿಪೀನ್ಸಿನಲ್ಲೇ ಸತ್ತ. 1522ರಲ್ಲಿ ಹಡಗನ್ನು ಸ್ಪೇನಿಗೆ ಮರಳಿಸಿದವನು ಎಲ್ಕಾನೊ. ಮುದ್ರಣದ ವಿಷಯದಲ್ಲಿ ಗುಟೆನ್‌ಬರ್ಗ್ ‘ಮೊದಲಿಗ’ ಎನ್ನುವ ಹಾಗಿಲ್ಲ, ಕೊರಿಯದಲ್ಲಿ 1377ರಲ್ಲೇ ಲೋಹದ ಅಚ್ಚುಮೊಳೆಯಿಂದ ಪುಸ್ತಕ ಮುದ್ರಿಸಿದ್ದರು. ‘ಯುರೋಪಿನಲ್ಲಿ’ ಎಂಬ ಒಂದು ಪದ ಸೇರಿಸಿದರೆ ಪ್ರಶ್ನೆ ನಿಲ್ಲುತ್ತದೆ.

ಕಾಲಾನುಕ್ರಮದ ಗುಂಪಿಗೆ ಒಂದು ಪರಿಚಿತ ಘಟನೆ, ಮೂರು ದೂರದ ಘಟನೆ ಎಂಬುದು ನನ್ನ ಸೂತ್ರ. ವಿಜಯನಗರದ ಸ್ಥಾಪನೆ 1336, ಕಪ್ಪು ಮಾರಿಯ ಪ್ಲೇಗ್ ಯುರೋಪಿಗೆ ಕಾಲಿಟ್ಟದ್ದು 1347, ಝೆಂಗ್ ಹೆಯ ಮೊದಲ ಯಾನ 1405, ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದದ್ದು 1453. ನಾಲ್ಕನ್ನೂ ಕಲಸಿ ಕೊಟ್ಟು ಜೋಡಿಸಲು ಹೇಳುವುದು. ಇಲ್ಲಿ ಪೂರ್ತಿ ಸರಿ ಅಥವಾ ಸೊನ್ನೆ ಎಂದು ಅಂಕ ಕೊಡುವುದು ಅನ್ಯಾಯ. ನಾಲ್ಕು ಘಟನೆಗಳಲ್ಲಿ ಎರಡೆರಡು ಹಿಡಿದರೆ 6 ಜೋಡಿ. ಸರಿಯಾದ ಹಿಂದುಮುಂದು ಇರುವ ಜೋಡಿಗಳನ್ನು ಎಣಿಸಿ ಅದರಿಂದ 3 ಕಳೆಯುತ್ತೇನೆ: 6ಕ್ಕೆ 3 ಅಂಕ, 5ಕ್ಕೆ 2, 4ಕ್ಕೆ 1, 3 ಅಥವಾ ಕಡಿಮೆಗೆ ಸೊನ್ನೆ. 3 ಕಳೆಯುವುದೇಕೆಂದರೆ ಕುರುಡಾಗಿ ಜೋಡಿಸಿದರೂ ಸರಾಸರಿ 3 ಜೋಡಿ ಸರಿ ಬೀಳುತ್ತವೆ. ತಿದ್ದುವವರಿಗೆ ತುಸು ಕೆಲಸ ಹೆಚ್ಚು, ಆದರೆ ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿದವರಿಗೂ ಎಲ್ಲವನ್ನೂ ತಲೆಕೆಳಗು ಮಾಡಿದವರಿಗೂ ಇರುವ ಅಂತರ ಅಂಕದಲ್ಲಿ ಕಾಣಲೇಬೇಕು.

‘ಅದೇ ಹೊತ್ತಿಗೆ’ ಎಂಬ ಪ್ರಶ್ನೆಗಳಿಗೆ ನಮ್ಮ ನೆಲವೇ ಆಧಾರ ಕೊಡುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಇವುಗಳಲ್ಲಿ ಯಾವ ಚಕ್ರವರ್ತಿಯ ಆಳ್ವಿಕೆಯಲ್ಲಿ ಯೇಸುವನ್ನು ಶಿಲುಬೆಗೇರಿಸಲಾಯಿತು ಎಂದು ಕೇಳಬಹುದು. ಉತ್ತರ ಟೈಬೀರಿಯಸ್, ಆತ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆಗ ಚೀನಾವನ್ನು ಆಳುತ್ತಿದ್ದವರು ಯಾರು ಎಂದು ಮುಂದುವರಿಸುವ ಆಸೆಯಾಗುತ್ತದೆ. ಅಲ್ಲಿ ನಿಧಾನಿಸಬೇಕು. ಹಾನ್ ವಂಶ ಎಂದು ಕೀ ಹಾಕಿದರೆ, ಕ್ರಿ.ಶ. 9ರಿಂದ 23ರವರೆಗೆ ವಾಂಗ್ ಮಾಂಗ್ ಸಿಂಹಾಸನ ಕಿತ್ತುಕೊಂಡಿದ್ದನಲ್ಲ ಎಂದು ತಿಳಿದವರು ತಕರಾರು ಎತ್ತುತ್ತಾರೆ, ಅವರ ಮಾತು ಸರಿ. ಅಗಸ್ಟಸ್ ಪಟ್ಟಕ್ಕೆ ಬಂದ ಕ್ರಿ.ಪೂ. 27ರಲ್ಲಿ ಎಂದು ಕೇಳಿದರೆ ಹಾನ್ ಎಂಬುದು ಗಟ್ಟಿಯಾಗುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ವಿಷಯದಲ್ಲೂ ಇಂಥದ್ದೇ ಎಡವುವ ಜಾಗ ಒಂದಿದೆ. ಅಶೋಕ ತನ್ನ ಕಾಲದ ಗ್ರೀಕ್ ಅರಸರಾದ ಆಂಟಿಯೋಕಸ್, ಟಾಲೆಮಿ ಮೊದಲಾದವರನ್ನು ಹೆಸರಿಸಿದ್ದಾನೆ, ಅವನ ಕಾಲವನ್ನು ವಿದ್ವಾಂಸರು ಗೊತ್ತುಮಾಡಿದ್ದು ಬಹುಮಟ್ಟಿಗೆ ಅದರಿಂದಲೇ. ಆದರೆ ಆ ಹೆಸರುಗಳಿರುವುದು ಹದಿಮೂರನೇ ಬೃಹತ್ ಶಿಲಾಶಾಸನದಲ್ಲಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಇರುವವು ಕಿರು ಶಿಲಾಶಾಸನಗಳು. ಊರಿನ ಅಭಿಮಾನಕ್ಕೆ ಎರಡನ್ನೂ ಬೆರೆಸಿ ಪ್ರಶ್ನೆ ಬರೆಯಬಾರದು.

ಕಾರಣದ ಪ್ರಶ್ನೆಗಳಲ್ಲಿ ನನಗೆ ಅತಿ ಇಷ್ಟದ್ದು ಇದು: ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೂ ಎರಡನೇ ಆಂಗ್ಲೋ-ಮೈಸೂರು ಯುದ್ಧಕ್ಕೂ ಏನು ಸಂಬಂಧ? ಹೈದರಾಲಿ 1779ರಲ್ಲಿ ಮದಕರಿ ನಾಯಕನಿಂದ ಚಿತ್ರದುರ್ಗ ಗೆದ್ದದ್ದು ಇಲ್ಲಿ ಎಲ್ಲರಿಗೂ ಗೊತ್ತು, ಅದೇ ವರ್ಷ ಅವನ ಕಣ್ಣು ಮಲಬಾರ್ ಕರಾವಳಿಯ ಫ್ರೆಂಚ್ ರೇವು ಮಾಹೆಯ ಮೇಲೂ ಇತ್ತು ಎಂಬುದು ಗೊತ್ತಿಲ್ಲ. ಐದು ಅಂಕವನ್ನು ಐದು ಕೊಂಡಿಗಳಿಗೆ ಹಂಚಿರುತ್ತೇನೆ: 1778ರಲ್ಲಿ ಫ್ರಾನ್ಸ್ ಅಮೆರಿಕದ ಜೊತೆ ಸೇರಿತು, ಅದರಿಂದ ಬ್ರಿಟನ್–ಫ್ರಾನ್ಸ್ ಯುದ್ಧ ಹೊತ್ತಿತು, ಭಾರತದಲ್ಲಿ ಬ್ರಿಟಿಷರು 1778ರಲ್ಲಿ ಪುದುಚೇರಿಯನ್ನೂ 1779ರಲ್ಲಿ ಮಾಹೆಯನ್ನೂ ಹಿಡಿದರು, ಹೈದರನಿಗೆ ಯುದ್ಧ ಸಾಮಗ್ರಿ ಬರುತ್ತಿದ್ದ ರೇವು ಮಾಹೆ, 1780ರಲ್ಲಿ ಅವನು ಕರ್ನಾಟಿಕ್ (ಆರ್ಕಾಟ್ ನವಾಬನ ಸೀಮೆ) ಮೇಲೆ ನುಗ್ಗಿದ. ಈ ಪಟ್ಟಿಯನ್ನು ತಿದ್ದಲು ಕೂರುವ ಮೊದಲೇ ಬರೆದಿಡಬೇಕು. ತಿದ್ದುತ್ತಾ ತಿದ್ದುತ್ತಾ ಮಾಡಿದರೆ ಮೊದಲ ಹತ್ತು ಜನಕ್ಕೆ ಒಂದು ನ್ಯಾಯ, ಕೊನೆಯ ಹತ್ತು ಜನಕ್ಕೆ ಇನ್ನೊಂದು ನ್ಯಾಯ ಆಗುತ್ತದೆ. ಭಾಷೆಗೆ ಇಲ್ಲಿ ಅಂಕ ಇಲ್ಲ. ಕೊಂಡಿ ಸಿಕ್ಕಿದರೆ ಸಾಕು.

ನಕ್ಷೆಗೆ ಅಂಗಡಿಯ ರಾಜಕೀಯ ನಕ್ಷೆ ಬೇಡ, ಈಗಿನ ಗಡಿಗಳು ಹಳೆಯ ಸಾಮ್ರಾಜ್ಯಗಳ ಬಗ್ಗೆ ದಾರಿ ತಪ್ಪಿಸುತ್ತವೆ. ಬರೀ ಕರಾವಳಿ, ದೊಡ್ಡ ನದಿಗಳಿರುವ ರೇಖಾನಕ್ಷೆ ಎ4 ಹಾಳೆಯಲ್ಲಿ ಅಡ್ಡಲಾಗಿ ಜೆರಾಕ್ಸ್ ಮಾಡಿಸಿ. ಜೆರಾಕ್ಸಿನ ಜೆರಾಕ್ಸ್ ತೆಗೆದರೆ ಗೆರೆ ಮಾಸುತ್ತದೆ, ಪ್ರತಿ ಸಲ ಮೂಲ ಹಾಳೆಯನ್ನೇ ಕೊಡಬೇಕು.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಗಳಿಗೇ ಪರೀಕ್ಷೆ. 40 ಜನ ಬರೆದಿದ್ದರೆ ಒಟ್ಟು ಅಂಕದ ಪ್ರಕಾರ ಜೋಡಿಸಿ ಮೇಲಿನ 11, ಕೆಳಗಿನ 11 ಹಾಳೆ ತೆಗೆದಿಡಿ, ಶೇ. 27ರ ವಾಡಿಕೆ ಲೆಕ್ಕ ಇದು. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಜನ ಸರಿ ಹಾಕಿದ್ದರೆ ವ್ಯತ್ಯಾಸ 6, ಅದನ್ನು 11ರಿಂದ ಭಾಗಿಸಿದರೆ 0.55. ಪ್ರಶ್ನೆ ಚೆನ್ನಾಗಿದೆ. 0.2ಕ್ಕಿಂತ ಕಡಿಮೆ ಬಂದರೆ ತಿದ್ದಬೇಕು. ಸೊನ್ನೆಗಿಂತ ಕೆಳಗೆ ಹೋದರೆ, ಅಂದರೆ ಜಾಣರೇ ಹೆಚ್ಚು ತಪ್ಪಿದ್ದರೆ, ಕೀ ತಪ್ಪಿದೆ ಅಥವಾ ಪ್ರಶ್ನೆಗೆ ಎರಡು ಅರ್ಥ ಇದೆ. ಒಬ್ಬರೂ ಮುಟ್ಟದ ಆಯ್ಕೆ ಸತ್ತ ಆಯ್ಕೆ, ಮುಂದಿನ ಸಲ ಅದರ ಜಾಗಕ್ಕೆ ಬೇರೆ ಹೆಸರು ಬರಬೇಕು. ಯಾವ ಹೆಸರು ಎಂಬುದಕ್ಕೆ ಮಕ್ಕಳನ್ನೇ ಕೇಳುವುದು ಸುಲಭದ ದಾರಿ: ಆಯ್ಕೆ ಕೊಡದೆ ಅದೇ ಪ್ರಶ್ನೆಯನ್ನು ಬೇರೆ ತರಗತಿಯಲ್ಲಿ ಬಾಯಲ್ಲಿ ಕೇಳಿದರೆ ಅವರು ಹೇಳುವ ತಪ್ಪುಗಳೇ ಒಳ್ಳೆಯ ಆಯ್ಕೆಗಳು.

ಕೀ ಉತ್ತರ ಹಾಕಿದ ಮೇಲೆ ಆಕ್ಷೇಪಣೆಗೆ ಮೂರು ದಿನ ಕೊಡುತ್ತೇನೆ. ಬಾಯಿಮಾತಿನ ತಕರಾರು ಬೇಡ. ಪುಸ್ತಕದ ಹೆಸರು, ಪುಟಸಂಖ್ಯೆ ಬರೆದ ಚೀಟಿ ಬೇಕು. ಆಕ್ಷೇಪಣೆ ಸರಿಯಾಗಿದ್ದರೆ ಎರಡೂ ಉತ್ತರಕ್ಕೆ ಅಂಕ ಕೊಡುವುದೇ ಮೇಲು. ಪ್ರಶ್ನೆಯನ್ನೇ ಕಿತ್ತು ಹಾಕಿದರೆ ಸರಿ ಉತ್ತರ ಹಾಕಿದವರ ಅಂಕವೂ ಹೋಗುತ್ತದೆ, ಆಕ್ಷೇಪಣೆ ತಂದವರ ಶ್ರಮಕ್ಕೂ ಬೆಲೆ ಸಿಗುವುದಿಲ್ಲ.